ಎರಡು ಸೀಟಿನ ಕಾರು, ಮೂರು ಜನರ ಮನೆ

“ಮೇಡಂ, ಕಾರಿನ ಸದ್ದು ಒಂಚೂರು ಬದಲಾದರೂ ಇವರಿಗೆ ಗೊತ್ತಾಗುತ್ತೆ. ನನಗೆ ಮೂರು ದಿನ ಜ್ವರ ಇದ್ದದ್ದು ಮಾತ್ರ ಗೊತ್ತಾಗಲಿಲ್ಲ.”

ಆಪ್ತಸಮಾಲೋಚನೆಗೆ ಬಂದ ಅಶ್ವಿನಿ ನನ್ನ ಎದುರು ಕೂತು ಹೇಳಿದ ಮೊದಲ ಮಾತು ಇದು. ಪಕ್ಕದಲ್ಲಿ ಗಂಡ ಸುಹಾಸ್ ತಲೆ ತಗ್ಗಿಸಿ ಕೂತಿದ್ದರು. 2025ರ ಮಾರ್ಚ್ ತಿಂಗಳು. ಇಬ್ಬರ ಹೆಸರು, ಕೆಲಸ, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕಾರನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಅದರಲ್ಲಿ ಎರಡೇ ಸೀಟು ಇದ್ದದ್ದು ಈ ಪ್ರಕರಣದ ದೊಡ್ಡ ಭಾಗ.

ಸುಹಾಸ್‌ಗೆ 40 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅಶ್ವಿನಿ ಬ್ಯಾಂಕಿನಲ್ಲಿದ್ದಾರೆ. ಎಂಟು ವರ್ಷದ ಮಗಳು. ಮನೆಯಲ್ಲಿ ಒಂದು ಹಳೆಯ ಹ್ಯಾಚ್‌ಬ್ಯಾಕ್ ಇದೆ. ಸ್ಕೂಲು, ತರಕಾರಿ, ಊರು, ಎಲ್ಲಕ್ಕೂ ಅದೇ. 2023ರಲ್ಲಿ ಸುಹಾಸ್ ದೆಹಲಿಯಿಂದ ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್ ತರಿಸಿದರು. 2014ರ ಗಾಡಿ. 2.7 ಲೀಟರಿನ ಆರು ಸಿಲಿಂಡರ್ ಎಂಜಿನ್ ಸೀಟಿನ ಬೆನ್ನಿಗೇ ಇರುತ್ತದೆ. ಹಿಂದೆ ಇನ್ನೊಬ್ಬರು ಕೂರೋಣ ಅಂದರೆ ಜಾಗವೇ ಇಲ್ಲ.

ಮೊದಲ ಭೇಟಿಯಲ್ಲಿ ಅಶ್ವಿನಿ “ಕಾರಿನ ಹುಚ್ಚು” ಅನ್ನುವ ಮಾತನ್ನು ನಾಲ್ಕೈದು ಸಲ ಬಳಸಿದರು. ನಾನೂ ಆ ಮಾತನ್ನೇ ಹಿಡಿದುಕೊಂಡೆ. “ಸ್ವಲ್ಪ ದಿನ ಕಾರು ಇಲ್ಲದೆ ಇರೋಕಾಗುತ್ತಾ? ಮಾರೋದರ ಬಗ್ಗೆ ಯೋಚಿಸಿದ್ದೀರಾ?” ಅಂತ ಸುಹಾಸ್ ಅವರನ್ನು ಕೇಳಿದೆ. ಅವರು ಮಾತೇ ನಿಲ್ಲಿಸಿದರು. ಮುಂದಿನ ವಾರ ಬರಲೂ ಇಲ್ಲ. ಅದು ನನ್ನ ತಪ್ಪು. ಒಬ್ಬರ ಕಡೆಯಿಂದ ಬಂದ ಹೆಸರನ್ನೇ ನಾನು ರೋಗದ ಹೆಸರು ಮಾಡಿಬಿಟ್ಟಿದ್ದೆ. ಫೋನ್ ಮಾಡಿ ಹಾಗೇ ಒಪ್ಪಿಕೊಂಡೆ. ಒಂದು ಸಲ ಒಬ್ಬರೇ ಬನ್ನಿ, ಕಾರಿನ ಬಗ್ಗೆ ಮಾತ್ರ ಮಾತಾಡೋಣ ಅಂದೆ.

ಬಂದರು. ಒಂದೂವರೆ ಗಂಟೆ ಮಾತಾಡಿದರು. ನನಗೆ ಕಾರುಗಳ ಬಗ್ಗೆ ಹೆಚ್ಚು ತಿಳಿಯದು. ಆದರೆ ಒಬ್ಬ ಮನುಷ್ಯ ತಾನು ಪ್ರೀತಿಸುವ ವಸ್ತುವಿನ ಬಗ್ಗೆ ಮಾತಾಡುವಾಗ ಮುಖ ಹೇಗಾಗುತ್ತದೆ ಅನ್ನುವುದು ಗೊತ್ತು.

ಬೆಂಗಳೂರಿನಲ್ಲಿ ಇಂಥ ಕಾರು ಇಟ್ಟುಕೊಳ್ಳುವುದು ಸುಲಭವಲ್ಲ ಅಂತ ಅವತ್ತು ಅರ್ಥವಾಯಿತು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ಮೇಲೆ ಬರುವಾಗಲೇ ಮುಂಭಾಗ ಕರ್ರ್ ಅಂತ ಕೆರೆಯುತ್ತದೆ. ಹಂಪ್ ಬಂದರೆ ನೇರ ಹತ್ತಿಸುವ ಹಾಗಿಲ್ಲ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಿಂದಿನವರು ಹಾರ್ನ್ ಹೊಡೆಯುತ್ತಿರುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ದಿನಾ ಒಂದೇ ಪ್ರಶ್ನೆ, “ಎಷ್ಟು ಮೈಲೇಜ್ ಕೊಡುತ್ತೆ ಸರ್?” ಸಿಗ್ನಲ್‌ನಲ್ಲಿ ನಿಂತರೆ ಬೈಕಿನ ಹುಡುಗರು ಮೊಬೈಲ್ ಎತ್ತಿ “ಬಾಸ್, ಒಂದ್ಸಲ ರೇಸ್ ಕೊಡಿ” ಅನ್ನುತ್ತಾರೆ. ಜೋರು ಮಳೆ ಬಂದರೆ ಅಂಡರ್‌ಪಾಸ್ ಇಲ್ಲದ ದಾರಿ ಹುಡುಕಬೇಕು. ವಾರಗಟ್ಟಲೆ ಓಡಿಸದೆ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ ಅಂತ ಪಾರ್ಕಿಂಗ್‌ನಲ್ಲಿ ಚಾರ್ಜರ್ ಸಿಕ್ಕಿಸಿಡುತ್ತಾರೆ. ಅದಕ್ಕೂ ಸಂಘದವರು ತಕರಾರು ಮಾಡಿದ್ದರು. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಬರುವ ಜೋರು ಸದ್ದಿನ ಮೇಲೂ ದೂರು ಹೋಗಿತ್ತು.

ಇಷ್ಟೆಲ್ಲ ಯಾಕೆ ಅಂದೆ.

“ಭಾನುವಾರ ಐದಕ್ಕೆ ಎದ್ದು ನಂದಿ ಬೆಟ್ಟದ ಕಡೆ ಹೋಗ್ತೀನಿ ಮೇಡಂ. ಅರವತ್ತು ಕಿಲೋಮೀಟರ್. ಬೆಟ್ಟಕ್ಕೆ ಹತ್ತಲ್ಲ, ಅಲ್ಲಿ ಗೇಟ್ ಮುಂದೆ ಜನಜಾತ್ರೆ. ಸುತ್ತಲಿನ ದ್ರಾಕ್ಷಿ ತೋಟದ ರಸ್ತೇಲಿ ಸುಮ್ನೆ ಓಡಿಸ್ತೀನಿ. ಸ್ಟೀರಿಂಗ್ ಕೈಯಲ್ಲಿದ್ದಾಗ ರಸ್ತೆ ಹೇಗಿದೆ ಅಂತ ಬೆರಳಿಗೇ ಗೊತ್ತಾಗುತ್ತೆ. ವಾರದಲ್ಲಿ ಆ ಎರಡು ಗಂಟೆ ಮಾತ್ರ ನನ್ನ ತಲೆಯಲ್ಲಿ ಬೇರೆ ಏನೂ ಇರಲ್ಲ.”

ಸುಹಾಸ್ ಹುಟ್ಟಿದ್ದು ಚಿಕ್ಕಮಗಳೂರಿನ ಹತ್ತಿರದ ಒಂದು ಕಾಫಿ ತೋಟದಲ್ಲಿ. ಅಪ್ಪ ಅಲ್ಲಿ ರೈಟರ್, ಅಂದರೆ ತೋಟದ ಲೆಕ್ಕಪತ್ರ ಬರೆಯುವವರು, ಆಗಿದ್ದರು. ಆ ಕಡೆ ತೋಟದ ಮಣ್ಣು ರಸ್ತೆಗಳಲ್ಲಿ ಕಾರು ರ‍್ಯಾಲಿ ನಡೆಯುವುದು ಹಳೆಯ ರೂಢಿ. ಅಪ್ಪ ಮಗನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ, ಬೇಲಿಯ ಆಚೆ ಹೆಗಲ ಮೇಲೆ ಎತ್ತಿ ತೋರಿಸುತ್ತಿದ್ದರಂತೆ. ಮಾರುತಿ ಜಿಪ್ಸಿಗಳು ಕೆಂಪು ಧೂಳೆಬ್ಬಿಸಿ ತಿರುವಿನಲ್ಲಿ ಅಡ್ಡಡ್ಡ ಜಾರಿ ಹೋಗುವುದನ್ನು ನೋಡಿದ ಆ ಹುಡುಗ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಪೋರ್ಷೆ ಬಂದ ಮೇಲೆ ಅಪ್ಪನನ್ನು ಕರೆಸಿದರು. ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದರು. ಬಾಗಿಲು ತೆರೆದರು. ಮಂಡಿನೋವು, ಅಷ್ಟು ತಗ್ಗಿನ ಸೀಟಿಗೆ ಇಳಿಯಲು ಆಗಲಿಲ್ಲ. ಹೇಗೂ ಚೆನ್ನಾಗಿದೆ ಅಂತ ಹೇಳಿ ಒಳಗೆ ಹೋದರು. ಇದನ್ನು ಹೇಳುವಾಗ ಸುಹಾಸ್ ಕಣ್ಣು ಒರೆಸಿಕೊಂಡರು.

ಇದು ಚಟವಾ, ಪ್ರೀತಿಯಾ? ಇದನ್ನು ನಾನು ತೀರ್ಮಾನ ಮಾಡಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲಿ ವರ್ತನೆಯ ಚಟ ಅಂತ ಹೆಸರಿಸಿ ಸೇರಿಸಿರುವುದು ಜೂಜು ಮತ್ತು ಗೇಮಿಂಗ್. ಕಾರಿನ ಆಸಕ್ತಿ ಅದರಲ್ಲಿಲ್ಲ. ಆದರೂ ಪಟ್ಟಿಯಲ್ಲಿಲ್ಲ ಅಂತ ಸುಮ್ಮನಾಗುವ ಹಾಗಿಲ್ಲ. ನಾನು ಕೇಳುವ ಪ್ರಶ್ನೆಗಳು ಬೇರೆ. ಅದರಿಂದ ವಾಪಸ್ ಬಂದಾಗ ಮನಸ್ಸು ಹಗುರವಾಗಿರುತ್ತದಾ, ಇನ್ನೂ ಬೇಕು ಅಂತ ಚಡಪಡಿಸುತ್ತದಾ? ಕೆಲಸ, ನಿದ್ದೆ, ಸ್ನೇಹ ಕರಗುತ್ತಾ ಬಂದಿದೆಯಾ? ಅದಕ್ಕಾಗಿ ಸುಳ್ಳು ಹೇಳುತ್ತಿದ್ದೀರಾ?

ಮೊದಲ ಎರಡಕ್ಕೆ ಅವರ ಉತ್ತರ ಚೆನ್ನಾಗಿತ್ತು. ಅಶ್ವಿನಿಯೂ ಆಮೇಲೆ ಒಪ್ಪಿದರು, ಭಾನುವಾರ ವಾಪಸ್ ಬಂದ ಗಂಡ ವಾರದ ಉಳಿದ ದಿನಗಳ ಗಂಡನಿಗಿಂತ ಒಳ್ಳೆಯವನು ಅಂತ. ಮೂರನೆಯ ಪ್ರಶ್ನೆಗೆ ಸುಹಾಸ್ ತುಂಬಾ ಹೊತ್ತು ಸುಮ್ಮನಿದ್ದರು.

ಆಮೇಲೆ ಬಾಯಿಬಿಟ್ಟರು. ಮನೆಯಲ್ಲಿ 32 ಲಕ್ಷ ಅಂತ ಹೇಳಿದ್ದ ಕಾರಿಗೆ ಕೊಟ್ಟದ್ದು 44 ಲಕ್ಷ. ಉಳಿದ 12 ಲಕ್ಷ ಪರ್ಸನಲ್ ಲೋನ್. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಡತಿಗೇ ಅದು ಗೊತ್ತಿರಲಿಲ್ಲ. ಇನ್ನೊಂದು, ಕಾರು ಇನ್ನೂ ದೆಹಲಿ ನಂಬರ್‌ನಲ್ಲೇ ಓಡುತ್ತಿತ್ತು. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿನ ನಂಬರ್ ಮಾಡಿಸಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. 20 ಲಕ್ಷ ದಾಟಿದ ಕಾರಿಗೆ ಅದು ಶೇ 18, ಮೇಲೆ ಸೆಸ್. ಹಳೆಯ ಗಾಡಿಗೆ ವಯಸ್ಸಿನ ಪ್ರಕಾರ ಕಡಿಮೆಯಾಗುತ್ತದೆ, ಆದರೆ ಲೆಕ್ಕ ಶುರುವಾಗುವುದು ಕಾರು ಹೊಸದಿದ್ದಾಗಿನ ಬೆಲೆಯಿಂದ. ಸುಹಾಸ್ ಹಾಕಿದ ಲೆಕ್ಕದಲ್ಲಿ 9 ಲಕ್ಷದ ಹತ್ತಿರ ಬಂದಿತ್ತು. ಮಾರಿದ ಏಜೆಂಟ್ “ಏನೂ ಆಗಲ್ಲ, ಓಡಿಸಿ” ಅಂದಿದ್ದನಂತೆ.

2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ತೆರಿಗೆ ಕಟ್ಟದ ಹೊರರಾಜ್ಯದ 30 ಐಷಾರಾಮಿ ಕಾರುಗಳನ್ನು ಹಿಡಿದ ಸುದ್ದಿ ಟಿವಿಯಲ್ಲಿ ಬಂತು. ಅಶ್ವಿನಿ ಅದನ್ನು ನೋಡಿ “ನಮ್ಮದೂ ಡಿಎಲ್ ನಂಬರ್ ಅಲ್ವಾ?” ಅಂದರು. ಸುಹಾಸ್ “ನಮ್ಮದು ಸರಿಯಾಗಿದೆ” ಅಂದುಬಿಟ್ಟರು. ಅವತ್ತಿನಿಂದ ಕಾರು ಹೊರಗೆ ತೆಗೆಯಲು ಭಯ, ಮನೆಯಲ್ಲಿ ಸಿಡುಕು. ಅಶ್ವಿನಿಗೆ ಜ್ವರ ಬಂದದ್ದೂ ಅದೇ ವಾರ.

ಅಲ್ಲಿಗೆ ನನಗೆ ದಾರಿ ಕಂಡಿತು. ಈ ಮನೆಯನ್ನು ಕೆಡಿಸುತ್ತಿದ್ದದ್ದು ಮುಚ್ಚಿಟ್ಟ ಲೆಕ್ಕ. ಕಾರನ್ನು ನಾಳೆಯೇ ಮಾರಿದರೂ ಆ ಸುಳ್ಳು ಮನೆಯಲ್ಲೇ ಇರುತ್ತಿತ್ತು.

ಸುಹಾಸ್‌ಗೆ ನಾನು ಹೇಳಿದ್ದು ಇಷ್ಟು. ಮುಂದಿನ ಭೇಟಿಗೆ ಎಲ್ಲ ಕಾಗದ ತನ್ನಿ. ಖರೀದಿ ರಸೀದಿ, ಸಾಲದ ಪಟ್ಟಿ, ವಿಮೆ, ಸರ್ವಿಸ್ ಬಿಲ್. ನಾನು ಎದುರಿಗಿರುವಾಗ ನೀವೇ ಹೇಳಿ. ಕಾರಣ ಹೇಳಬೇಡಿ, ಮೊದಲು ಅಂಕಿ ಹೇಳಿ. ಅವರು ಸಿಟ್ಟಾದರೆ ಸಮಜಾಯಿಷಿ ಕೊಡದೆ ಕೇಳಿಸಿಕೊಳ್ಳಿ.

ಆ ಭೇಟಿ ಕಷ್ಟದ್ದಾಗಿತ್ತು. ಅಶ್ವಿನಿ ಕೂಗಾಡಲಿಲ್ಲ. ಕಾಗದಗಳನ್ನು ಒಂದೊಂದೇ ನೋಡಿದರು, ಬ್ಯಾಂಕಿನವರು ನೋಡುವ ಹಾಗೆ. ಕೊನೆಗೆ ಕೇಳಿದ್ದು ಒಂದೇ. “44 ಅಂತಲೇ ಹೇಳಿದ್ದರೆ ನಾನು ಬೇಡ ಅಂತಿದ್ದೆ. ಅದಕ್ಕೇ ಅಲ್ವಾ ಹೇಳಲಿಲ್ಲ?” ಸುಹಾಸ್ ಹೌದು ಅಂದರು. ಆ ಹೌದು ನನಗೆ ತುಂಬಾ ದೊಡ್ಡದಾಗಿ ಕಂಡಿತು. ಹೆಚ್ಚಿನ ಗಂಡಂದಿರು ಅಲ್ಲಿ “ಹಾಗಲ್ಲ” ಅಂತ ಶುರು ಮಾಡುತ್ತಾರೆ.

ಮುಂದಿನ ಮೂರು ಭೇಟಿಗಳಲ್ಲಿ ಕೊಟ್ಟ ಸಲಹೆಗಳನ್ನು ಇಲ್ಲಿ ಬರೆಯುತ್ತೇನೆ. ಇದೇ ತೊಂದರೆ ಬೇರೆ ಮನೆಗಳಲ್ಲೂ ಇರುತ್ತದೆ. ಕಾರಿನ ಬದಲು ಕ್ಯಾಮೆರಾ ಇರಬಹುದು, ಬುಲೆಟ್ ಇರಬಹುದು.

ಮೊದಲು ಹಣ. ತೆರಿಗೆ ಕಟ್ಟಿ ಕೆಎ ನಂಬರ್ ಮಾಡಿಸುವುದು, ಇಲ್ಲವೇ ಮಾರುವುದು. ಎರಡರ ನಡುವೆ ಇನ್ನೊಂದು ದಾರಿ ಇಲ್ಲ ಅಂತ ನೇರವಾಗಿ ಹೇಳಿದೆ. ಯಾವುದು ಅಂತ ಅವರೇ ತೀರ್ಮಾನಿಸಲಿ, ಆದರೆ ಒಟ್ಟಿಗೆ. ಕಾರಿಗೆ ಅಂತ ಒಂದು ಬೇರೆ ಖಾತೆ ತೆರೆಯಿರಿ, ತಿಂಗಳಿಗೆ ಇಷ್ಟು ಅಂತ ಹಾಕಿ. ಟೈರು, ವಿಮೆ, ಹೊರದೇಶದಿಂದ ತರಿಸುವ ಬಿಡಿಭಾಗ ಎಲ್ಲ ಅದರಿಂದಲೇ. ಆ ಖಾತೆ ಇಬ್ಬರ ಮೊಬೈಲಿನಲ್ಲೂ ಕಾಣಬೇಕು. ಮಗಳ ಹೆಸರಿನ ಉಳಿತಾಯ ಮುಟ್ಟುವ ಹಾಗಿಲ್ಲ.

ವೇಗದ ವಿಷಯದಲ್ಲಿ ನಾನು ಗಟ್ಟಿಯಾಗಿ ನಿಂತೆ. ಖಾಲಿ ಹೆದ್ದಾರಿಯಲ್ಲಿ ಒಂದೆರಡು ಸಲ 150 ದಾಟಿದ್ದಾಗಿ ಸುಹಾಸ್ ಹೇಳಿಕೊಂಡಿದ್ದರು. ಕರ್ನಾಟಕದಲ್ಲಿ 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುತ್ತಿದ್ದಾರೆ. ಅಜಾಗರೂಕ ಚಾಲನೆಗೆ ಆರು ತಿಂಗಳವರೆಗೆ ಜೈಲು ಆಗಬಹುದು. ಕಾನೂನು ಹಾಗಿರಲಿ. ಬೆಳಗಿನ ಜಾವ ಐದೂವರೆಗೆ ಆ ರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ ಇರುತ್ತದೆ, ಹೂವಿನ ಮೂಟೆ ಹೊತ್ತು ದಾಟುವ ಹೆಂಗಸು ಇರುತ್ತಾಳೆ. ಅವರಿಗೆ ನಿಮ್ಮ ಬ್ರೇಕ್ ಎಷ್ಟು ಚೆನ್ನಾಗಿದೆ ಅಂತ ಗೊತ್ತಿಲ್ಲ. ಇದರಲ್ಲಿ ನಾನು ಮಧ್ಯಸ್ಥಿಕೆ ಮಾಡುವುದಿಲ್ಲ ಅಂದೆ.

ವೇಗ ಬೇಕೇ ಬೇಕು ಅಂದರೆ ಅದಕ್ಕೆ ಜಾಗ ಇದೆ, ರೇಸ್ ಟ್ರ್ಯಾಕ್. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿಲೋಮೀಟರಿನದು. ಭಾರತದ ರೇಸಿಂಗ್‌ಗೆ ದುಡಿದ ಎಸ್. ಕರಿವರ್ಧನ್ ಹೆಸರಿನದು. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ಇನ್ನೊಂದಿದೆ, 3.7 ಕಿಲೋಮೀಟರ್, ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್. ವರ್ಷಕ್ಕೆ ಒಂದೋ ಎರಡೋ ಸಲ ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನಕ್ಕೆ ಹೋಗಿ, ಹೆಲ್ಮೆಟ್ ಹಾಕಿ, ಕಲಿಸುವವರನ್ನು ಪಕ್ಕ ಕೂರಿಸಿಕೊಂಡು ಓಡಿಸಿ. ಇದೆಲ್ಲ ನನಗೆ ಹೇಳಿಕೊಟ್ಟದ್ದು ಸುಹಾಸ್ ಅವರೇ. ಒಂದು ಎಚ್ಚರಿಕೆ ಮಾತ್ರ ನಾನು ಸೇರಿಸಿದೆ. ಮಾಮೂಲಿ ಕಾರು ವಿಮೆ ರೇಸಿಂಗ್, ವೇಗಪರೀಕ್ಷೆ ವೇಳೆ ಆದ ಹಾನಿಗೆ ಅನ್ವಯಿಸುವುದಿಲ್ಲ. ಹೋಗುವ ಮೊದಲೇ ಆ ಹೊರೆಯನ್ನು ಹೆಂಡತಿಗೆ ಹೇಳಿ ಒಪ್ಪಿಗೆ ಪಡೆಯಬೇಕು.

ಸಮಯದ ಬಗ್ಗೆ ಅಶ್ವಿನಿಯನ್ನು ಕೇಳಿದೆ, ನಿಮಗೆ ಏನು ಬೇಕು ಅಂತ. ತನಗೂ ವಾರದಲ್ಲಿ ಎರಡು ಗಂಟೆ ಬೇಕು ಅಂದರು. ಯಾರೂ ಕರೆಯದ, ಯಾರಿಗೂ ಅಡುಗೆ ಮಾಡಬೇಕಿಲ್ಲದ ಎರಡು ಗಂಟೆ. ಮದುವೆಯಾದ ಮೇಲೆ ಅದು ಸಿಕ್ಕೇ ಇರಲಿಲ್ಲ. ನನಗೆ ಇದು ಕಾರಿಗಿಂತ ದೊಡ್ಡ ವಿಷಯ ಅನ್ನಿಸಿತು. ಗಂಡಸಿನ ಹವ್ಯಾಸಕ್ಕೆ ಮನೆಯವರು ಬೈದಾದರೂ ಜಾಗ ಕೊಡುತ್ತಾರೆ. ಹೆಂಗಸಿಗೆ ಹವ್ಯಾಸ ಇದೆಯಾ ಅಂತ ಕೇಳುವವರೇ ಇಲ್ಲ. ಹಾಗಾಗಿ ನಿಯಮ ಹೀಗಾಯಿತು. ಭಾನುವಾರ ಐದೂವರೆಯಿಂದ ಎಂಟೂವರೆ ಸುಹಾಸ್‌ದು. ಬಂದ ಮೇಲೆ ತಿಂಡಿ ಅವರದ್ದೇ ಕೆಲಸ. ಶನಿವಾರ ಸಂಜೆ ಪೂರ್ತಿ ಅಶ್ವಿನಿಯದ್ದು, ಮಗಳ ಜವಾಬ್ದಾರಿ ಅಪ್ಪನಿಗೆ.

ಮಗಳಿಗೆ ಕಾರೆಂದರೆ ಇಷ್ಟ, ಆದರೆ ಅಮ್ಮನಿಗೆ ಬೇಜಾರಾಗುತ್ತದೆ ಅಂತ ಬಾಯಿ ಬಿಡುತ್ತಿರಲಿಲ್ಲವಂತೆ. ಮಗು ಆ ವಯಸ್ಸಿಗೇ ಪಕ್ಷ ನೋಡಿ ಮಾತಾಡುವುದು ನನಗೆ ಸರಿ ಕಾಣಲಿಲ್ಲ. ಶನಿವಾರ ಅವಳನ್ನು ಅದರಲ್ಲೇ ಕರೆದುಕೊಂಡು ಹೋಗಬಹುದು ಅಂದೆ. ಬೂಸ್ಟರ್ ಸೀಟು ಹಾಕಿ, ಬೆಲ್ಟ್ ಕಟ್ಟಿ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ.

ಇನ್ನೊಂದು ಸಣ್ಣ ಅಭ್ಯಾಸ ಕೊಟ್ಟಿದ್ದೆ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ. ಸುಹಾಸ್ ಕೇಳಬೇಕು, ಅಶ್ವಿನಿ ಹೇಳಬೇಕು, ಸಲಹೆ ಕೊಡುವ ಹಾಗಿಲ್ಲ. ಎಂಜಿನ್ ಸದ್ದಿನಲ್ಲಿ ಏರುಪೇರು ಹಿಡಿಯುವ ಕಿವಿ ನಿಮಗಿದೆ, ಅದನ್ನೇ ಇಲ್ಲೂ ಬಳಸಿ ಅಂದಾಗ ಅವರು ನಕ್ಕರು, ಆದರೆ ಮಾಡಿದರು.

ಅವರು ಕಾರು ಉಳಿಸಿಕೊಂಡರು. ದೆಹಲಿಯಿಂದ ಎನ್‌ಒಸಿ ತರಿಸಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಕಾರು ಬೇಸ್‌ಮೆಂಟಿನಲ್ಲೇ ಇತ್ತು. ಬೋನಸ್ ಪೂರ್ತಿ ತೆರಿಗೆಗೆ ಹೋಯಿತು. ಸಾಲದ ಇಎಂಐ ಈಗ ಇಬ್ಬರಿಗೂ ಗೊತ್ತು. ಎರಡು ವರ್ಷದ ನಂತರ ಮತ್ತೆ ಕೂತು ನೋಡೋಣ, ಆಗ ಮಾರಬೇಕು ಅನ್ನಿಸಿದರೆ ಮಾರೋಣ ಅಂತ ಮಾತಾಗಿದೆ. ಅಶ್ವಿನಿಗೆ ಈಗಲೂ ಆ ಕಾರು ಇಷ್ಟವಿಲ್ಲ. ಇಷ್ಟಪಡಲೇಬೇಕು ಅಂತ ನಾನೂ ಹೇಳಲಿಲ್ಲ. ಅವರು ಶನಿವಾರ ಸಂಜೆ ಸಂಗೀತದ ಕ್ಲಾಸಿಗೆ ಸೇರಿದ್ದಾರೆ, ಹದಿನೈದು ವರ್ಷದ ಹಿಂದೆ ಬಿಟ್ಟದ್ದು.

ಕಳೆದ ಬಾರಿ ಬಂದಾಗ ನಿಯಮ ಹೇಗೆ ನಡೆಯುತ್ತಿದೆ ಅಂತ ಕೇಳಿದೆ. ಒಂದು ಭಾನುವಾರ ಮಾತ್ರ ಎಂಟೂವರೆ ದಾಟಿ ಒಂಬತ್ತಕ್ಕೆ ಹತ್ತು ನಿಮಿಷ ಇತ್ತು ಅಂದರು ಅಶ್ವಿನಿ. ಹೆಬ್ಬಾಳದಲ್ಲಿ ಗಾಡಿಗಳು ನಿಂತುಬಿಟ್ಟಿದ್ದವಂತೆ. ಎಂಟಕ್ಕೇ ಫೋನ್ ಮಾಡಿ ಹೇಳಿದ್ದರಂತೆ.