ಸುದ್ದಿ ಬಂದಿಲ್ಲ ಅಂದ್ರೆ ಸೀಟು ಹೋಯ್ತು ಅಂತಲ್ಲ

ಇಂಟರ್‌ವ್ಯೂ ಆಗಿ ಆರು ವಾರವಾದರೂ ಅಮೆರಿಕದ ಬಯಾಲಜಿ ಪಿಎಚ್‌ಡಿ ಬಗ್ಗೆ ಸುದ್ದಿಯಿಲ್ಲ, ಮೇಲ್ ಹಾಕಿದರೆ ತಪ್ಪು ತಿಳಿಯುತ್ತಾರಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಿ. ಪ್ರೊಫೆಸರ್‌ಗಲ್ಲ, ಅಡ್ಮಿಷನ್ ನೋಡಿಕೊಳ್ಳುವವರಿಗೆ. "ನನ್ನ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆಯೇ? ವೇಟಿಂಗ್ ಲಿಸ್ಟ್ ಇದೆಯೇ?" ಇಷ್ಟೇ ಸಾಕು. ಬಜೆಟ್ ವಿಷಯ ಕೆದಕಬೇಡಿ, ಪಾಪ, ಅವರಿಗೂ ಮೇಲಿನಿಂದ ಉತ್ತರ ಬಂದಿರಲ್ಲ.

ತಡಕ್ಕೆ ಕಾರಣ ನಿಮ್ಮ ಅರ್ಜಿಯೇ ಆಗಿರಬೇಕಿಲ್ಲ. ಅಲ್ಲಿ ಪಿಎಚ್‌ಡಿ ಸೀಟು ಕೊಡುವುದೆಂದರೆ ಸಾಮಾನ್ಯವಾಗಿ ವರ್ಷಗಟ್ಟಲೆ ಸ್ಟೈಪೆಂಡ್, ಫೀಸು ಹೊರುವುದು. 2025ರ ಫೆಬ್ರವರಿಯಲ್ಲಿ ಎನ್‌ಐಎಚ್ (ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ) ತನ್ನ ಅನುದಾನದ ಪರೋಕ್ಷ ವೆಚ್ಚಕ್ಕೆ, ಅಂದರೆ ಕಟ್ಟಡ, ಆಡಳಿತದಂಥ ಖರ್ಚಿಗೆ ವಿಶ್ವವಿದ್ಯಾಲಯಗಳಿಗೆ ಕೊಡುವ ಹಣಕ್ಕೆ, ಶೇ 15ರ ಮಿತಿ ಘೋಷಿಸಿತು. ಕೋರ್ಟು ತಡೆದರೂ ಹಲವು ಕಡೆ ಕೈ ಬಿಗಿಯಾಯಿತು. ಯುಮಾಸ್ ಚಾನ್ ಮೆಡಿಕಲ್ ಸ್ಕೂಲ್ ಅಂತೂ ಕೊಟ್ಟ ಆಫರ್‌ಗಳನ್ನೇ ವಾಪಸ್ ಪಡೆಯಿತು. ಸೀಟು ಕಡಿಮೆಯಿದ್ದಾಗ ಮೊದಲು ಕೆಲವರನ್ನಷ್ಟೇ ಕರೆದು, ಅವರು ಬೇಡ ಅಂದಮೇಲೆ ಉಳಿದವರತ್ತ ನೋಡುತ್ತಾರೆ.

ಅದಕ್ಕೇ ಏಪ್ರಿಲ್ 15 ಮುಖ್ಯ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಎಂಬ ವಿಶ್ವವಿದ್ಯಾಲಯಗಳ ಒಕ್ಕೂಟದ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಧನಸಹಾಯದ ಆಫರ್‌ಗೆ ಅದಕ್ಕಿಂತ ಮೊದಲು ಉತ್ತರ ಕೊಡಿ ಅಂತ ಒತ್ತಾಯಿಸುವಂತಿಲ್ಲ. ಹಾಗಾಗಿ ವೇಟಿಂಗ್ ಲಿಸ್ಟ್ ಕೊನೆಯ ದಿನಗಳಲ್ಲೇ ಜಾಸ್ತಿ ಅಲ್ಲಾಡುವುದು. ಬೇರೆ ಕಡೆಯ ಆಫರ್ ಕೈಯಲ್ಲಿದ್ದರೆ ಮೇಲ್‌ನಲ್ಲಿ ತಿಳಿಸಿ. ಆದರೆ ಅದನ್ನು ಬಿಟ್ಟುಕೊಡುವ ಮೊದಲು, ಎಷ್ಟು ವರ್ಷದ ದುಡ್ಡು ಖಚಿತ ಅಂತ ನೀವು ಕಾಯುತ್ತಿರುವ ಈ ವಿಶ್ವವಿದ್ಯಾಲಯದಿಂದ ಬರಹದಲ್ಲಿ ತರಿಸಿಕೊಳ್ಳಿ.