ಡಿಲೇ ಮೊದಲಾ, ಓವರ್‌ಡ್ರೈವ್ ಮೊದಲಾ?

ನೀವು ಕೇಳಿರುವುದು ಇಷ್ಟು: ಟ್ಯೂನರ್ (ಶ್ರುತಿ ನೋಡುವುದು), ವಾ (ತುಳಿದರೆ ಸದ್ದು ‘ವಾ-ವಾ’ ಅನ್ನುವುದು), ಫಜ್, ಓವರ್‌ಡ್ರೈವ್ (ಎರಡೂ ಸದ್ದನ್ನು ಒರಟು ಮಾಡುವಂಥವು), ಕೋರಸ್ (ಒಂದೇ ಸದ್ದನ್ನು ಹಲವಾಗಿ ಕೇಳಿಸುವುದು), ಡಿಲೇ (ಪ್ರತಿಧ್ವನಿ), ರಿವರ್ಬ್ (ಕೋಣೆಯ ಗುಂಗು), ಹೀಗೆ ಗಿಟಾರಿಗೂ ಆಂಪ್‌ಗೂ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ನಡುವೆ ಜೋಡಿಸುವ ಏಳು ಪೆಡಲ್ ಇವೆ. ಕೊಂಡುಕೊಂಡ ಕ್ರಮದಲ್ಲೇ ಜೋಡಿಸಿದ್ದೀರಿ, ಹಾಗಾಗಿ ಡಿಲೇ ಎಲ್ಲಕ್ಕಿಂತ ಮೊದಲು ಬಂದಿದೆ. ಒಂದೊಂದೇ ಹಾಕಿದರೆ ಚೆನ್ನಾಗಿ ಕೇಳುತ್ತದೆ, ಎರಡು ಮೂರು ಸೇರಿದರೆ ಎಲ್ಲಾ ಕಲಸುಮೇಲೋಗರ. ಯಾವುದಾದರೂ ಪೆಡಲ್ ಕೆಟ್ಟಿದೆಯಾ ಅಂತ ನಿಮ್ಮ ಅನುಮಾನ.

ನೀವು ಹೇಳಿದ್ದನ್ನು ನೋಡಿದರೆ ಪೆಡಲ್‌ಗಳಲ್ಲಿ ತೊಂದರೆ ಇರುವಂತೆ ಕಾಣುವುದಿಲ್ಲ. ತೊಂದರೆ ಇರುವುದು ಸಾಲಿನಲ್ಲಿ. ನಾನಾಗಿದ್ದರೆ ಗಿಟಾರಿನಿಂದ ಶುರುಮಾಡಿ ಫಜ್, ವಾ, ಟ್ಯೂನರ್, ಓವರ್‌ಡ್ರೈವ್, ಕೋರಸ್, ಡಿಲೇ, ರಿವರ್ಬ್, ಆಮೇಲೆ ಆಂಪ್, ಹೀಗೆ ಇಡುತ್ತಿದ್ದೆ. ಹೊಸಬರು ಎಡವುವ ಇನ್ನೊಂದು ಜಾಗ ಇದೆ. ಬಾಸ್ (Boss) ಕಂಪನಿಯ ಥರದ ಪೆಡಲ್‌ಗಳಲ್ಲಿ ಇನ್‌ಪುಟ್ ಬಲಗಡೆ, ಔಟ್‌ಪುಟ್ ಎಡಗಡೆ. ಸಿಗ್ನಲ್ ಬಲದಿಂದ ಎಡಕ್ಕೆ ಹೋಗುತ್ತದೆ. ನಮ್ಮ ಕಣ್ಣು ಮಾತ್ರ ಎಡದಿಂದ ಬಲಕ್ಕೆ ಓದುತ್ತದೆ ಅಲ್ವಾ, ಆಗ ಇಡೀ ಸಾಲೇ ತಿರುಗುಮುರುಗಾಗುತ್ತದೆ.

ಈಗ ಕಾರಣ. ಬೆಟ್ಟದ ಎದುರು ನಿಂತು ಗಂಟಲು ಹರಿಯುವಂತೆ ಕೂಗಿ ನೋಡಿ. ಕೂಗು ಗಂಟಲಲ್ಲೇ ಒರಟಾಗುತ್ತದೆ, ಆಮೇಲೆ ಬೆಟ್ಟಕ್ಕೆ ಬಡಿದು ವಾಪಸ್ ಬರುತ್ತದೆ. ಪ್ರತಿ ಸಲವೂ ಸ್ವಲ್ಪ ಸಣ್ಣದಾಗಿ, ಬಿಡಿಬಿಡಿಯಾಗಿ. ಓವರ್‌ಡ್ರೈವ್ ಆದಮೇಲೆ ಡಿಲೇ ಅಂದರೆ ಇದೇ. ನಿಮ್ಮ ಬೋರ್ಡಿನಲ್ಲಿ ಈಗ ಉಲ್ಟಾ ನಡೆಯುತ್ತಿದೆ. ಮೊದಲು ಪ್ರತಿಧ್ವನಿ ಹುಟ್ಟುತ್ತದೆ, ಆಮೇಲೆ ಆ ಪ್ರತಿಧ್ವನಿ ಸಮೇತ ಎಲ್ಲವೂ ಓವರ್‌ಡ್ರೈವ್‌ನೊಳಗೆ ಹೋಗುತ್ತದೆ.

ಓವರ್‌ಡ್ರೈವ್ ಮಾಡುವ ಕೆಲಸ ಏನು? ಸಿಗ್ನಲ್ಲನ್ನು ಎತ್ತಿ, ಒಂದು ಮಟ್ಟ ದಾಟಿದ ತುದಿಗಳನ್ನು ಚಪ್ಪಟೆ ಮಾಡುವುದು. ಜೋರಾಗಿ ನುಡಿಸಿದ್ದೂ ಮೆಲ್ಲಗೆ ನುಡಿಸಿದ್ದೂ ಹತ್ತಿರ ಹತ್ತಿರ ಒಂದೇ ಎತ್ತರಕ್ಕೆ ಬರುತ್ತವೆ. ಹಾಗಾಗಿ ಮೆಲ್ಲಗೆ ಕರಗಬೇಕಿದ್ದ ಪ್ರತಿಧ್ವನಿಗಳು ಹೆಚ್ಚುಕಡಿಮೆ ಮೂಲ ಸ್ವರದಷ್ಟೇ ಜೋರಾಗಿ ಎದ್ದು ನಿಲ್ಲುತ್ತವೆ. ಇನ್ನೂ ಒಂದು ವಿಷಯ ಇದೆ, ಗದ್ದಲಕ್ಕೆ ದೊಡ್ಡ ಕಾರಣ ಇದೇ. ಬೇರೆ ಬೇರೆ ಸ್ವರಗಳು ಒಟ್ಟಿಗೆ ಡಿಸ್ಟಾರ್ಶನ್‌ಗೆ (ಹೀಗೆ ತುದಿ ಚಪ್ಪಟೆಯಾಗಿ ಸದ್ದು ಒರಟಾಗುವುದಕ್ಕೆ) ಹೋದರೆ, ಅವು ಒಂದಕ್ಕೊಂದು ಬೆರೆತು ನೀವು ನುಡಿಸದೇ ಇರುವ ಹೊಸ ಸ್ವರಗಳು ಹುಟ್ಟುತ್ತವೆ. ಜಾಸ್ತಿ ಗೇನ್ (ಸಿಗ್ನಲ್ಲನ್ನು ಎತ್ತುವ ಪ್ರಮಾಣ) ಇದ್ದಾಗ ನಾವು ಪೂರ್ತಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಿಟ್ಟು ಪವರ್ ಕಾರ್ಡ್ ಹಿಡಿಯುವುದು ಅದಕ್ಕೇ. ಮೂಲ ಸ್ವರ ಮತ್ತು ಅದರ ಐದನೆಯದು ಮಾತ್ರ ಇದ್ದರೆ ಹುಟ್ಟುವ ಸ್ವರಗಳೂ ಹೊಂದಿಕೊಳ್ಳುತ್ತವೆ. ಡಿಲೇ ಮೊದಲಿದ್ದರೆ ಏನಾಗುತ್ತದೆ ಯೋಚಿಸಿ. ನೀವು ಈಗ ಹಿಡಿದ ಕಾರ್ಡೂ, ಅರ್ಧ ಸೆಕೆಂಡಿನ ಹಿಂದೆ ಹಿಡಿದಿದ್ದ ಕಾರ್ಡೂ ಒಟ್ಟಿಗೇ ಅದರೊಳಗೆ ಅರೆದುಹೋಗುತ್ತವೆ.

ಇದನ್ನು ನಾನು ಕಲಿತದ್ದು ವೇದಿಕೆ ಮೇಲೆ. ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ರಿವರ್ಬ್ ಮೊದಲು, ಡಿಸ್ಟಾರ್ಶನ್ ಆಮೇಲೆ ಇಟ್ಟಿದ್ದೆ. ಮನೆಯಲ್ಲಿ ಗೇನ್ ಕಡಿಮೆ ಇಟ್ಟು ನುಡಿಸುತ್ತಿದ್ದಾಗ ಚೆಂದ ಕೇಳುತ್ತಿತ್ತು. ಅಲ್ಲಿ ಡ್ರಮ್ಸ್ ಜೊತೆ ಗೇನ್ ಏರಿಸಿದ ಮೇಲೆ ನನ್ನ ಸೋಲೋದ ಒಂದು ಸ್ವರವೂ ಯಾರಿಗೂ ಬಿಡಿಸಿ ಕೇಳಲಿಲ್ಲ. ಒಂದೇ ಸಮ ಭೋರ್ ಅನ್ನುವ ಸದ್ದು. ಮೂರು ತಿಂಗಳು ಅಭ್ಯಾಸ ಮಾಡಿದ್ದ ಸೋಲೋ ಅದು. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಫಜ್ ಅನ್ನು ಟ್ಯೂನರಿಗಿಂತಲೂ ಮೊದಲು ಇಡಿ ಅಂದೆ. ಟ್ಯೂನರ್ ಮೊದಲು ಅಂತಲೇ ಎಲ್ಲ ಕಡೆ ಹೇಳುತ್ತಾರೆ, ಸಾಮಾನ್ಯವಾಗಿ ಅದು ಸರಿ. ಆದರೆ 1966ರಲ್ಲಿ ಬಂದ ಫಜ್ ಫೇಸ್ ಮತ್ತು ಅದರ ಜಾತಿಯ ಪೆಡಲ್‌ಗಳ ಸ್ವಭಾವ ಬೇರೆ. ಅವುಗಳ ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ತುಂಬಾ ಕಡಿಮೆ. ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ನೇರವಾಗಿ ಸೇರಿದಾಗ ಪಿಕಪ್ ಕೂಡ ಆ ಸರ್ಕ್ಯೂಟಿನ ಒಂದು ಭಾಗವೇ ಆಗಿಬಿಡುತ್ತದೆ. ಗಿಟಾರಿನ ವಾಲ್ಯೂಮ್ ನಾಬ್ ಸ್ವಲ್ಪ ಇಳಿಸಿದರೆ ಸಾಕು, ಆರ್ಭಟ ಹೋಗಿ ಗಾಜಿನಂಥ ತಿಳಿ ಸದ್ದು ಬರುತ್ತದೆ. ಫಜ್‌ನ ನಿಜವಾದ ಸುಖ ಅಲ್ಲಿದೆ. ಮಧ್ಯೆ ಬಫರ್ (ಸಿಗ್ನಲ್ ಸೊರಗದಂತೆ ಕಾಯುವ ಸಣ್ಣ ಸರ್ಕ್ಯೂಟ್) ಬಂದರೆ ಆ ನಂಟು ಕಡಿದುಹೋಗುತ್ತದೆ, ಸದ್ದು ಕೀರಲಾಗುತ್ತದೆ, ವಾಲ್ಯೂಮ್ ಇಳಿಸಿದರೂ ತಿಳಿಯಾಗುವುದಿಲ್ಲ. ಬಾಸ್ ಟಿಯು-3 ಥರದ ಟ್ಯೂನರ್ ಆಫ್ ಆಗಿದ್ದರೂ ಒಳಗಿನ ಬಫರ್ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೇ ಫಜ್ ಮೊದಲು. ನಿಮ್ಮ ಟ್ಯೂನರ್ ಟ್ರೂ ಬೈಪಾಸ್ (ಆಫ್ ಮಾಡಿದರೆ ಸಿಗ್ನಲ್ ನೇರವಾಗಿ ದಾಟಿಹೋಗುವಂಥದ್ದು) ಆಗಿದ್ದರೆ ಈ ಚಿಂತೆ ಇಲ್ಲ, ಅದನ್ನೇ ಮೊದಲಿಡಿ.

ಬಫರ್ ಕೆಟ್ಟದ್ದು ಅಂತ ಮಾತ್ರ ತಿಳಿಯಬೇಡಿ. ಉದ್ದ ಕೇಬಲ್ ಸಿಗ್ನಲ್‌ನ ಟ್ರೆಬಲ್ ತಿನ್ನುತ್ತದೆ. ಏಳು ಪೆಡಲ್, ಅಷ್ಟೂ ಪ್ಯಾಚ್ ಕೇಬಲ್, ಆಮೇಲೆ ಆಂಪ್‌ವರೆಗೆ ಆರು ಮೀಟರ್ ಅಂದರೆ ಸದ್ದು ಮಂಕಾಗಿಯೇ ಆಗುತ್ತದೆ. ಫಜ್ ದಾಟಿದ ಮೇಲೆ ಒಂದು ಬಫರ್ ಇದ್ದರೆ ಅದು ಉಪಕಾರವೇ.

ಫಜ್ ಮತ್ತು ವಾ ವಿಷಯದಲ್ಲಿ ಜಗಳ ಹಳೆಯದು. ಪ್ರಸಿದ್ಧ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಗಿಟಾರಿನ ಪಕ್ಕದಲ್ಲಿ ವಾ, ಆಮೇಲೆ ಫಜ್ ಇಡುತ್ತಿದ್ದರು. ಹಾಗೆ ಇಟ್ಟಾಗ ಕೆಲವು ವಾಗಳ ಸ್ವೀಪ್ (ತುಳಿದಾಗ ಸದ್ದು ಏರಿಳಿಯುವುದು) ಸೊರಗುತ್ತದೆ, ಕೆಲವು ಸಲ ಕೂಯ್ ಅಂತ ಸಿಳ್ಳೆಯೂ ಬರುತ್ತದೆ. ಮೊದಲು ಫಜ್ ಇಟ್ಟರೆ ಸ್ವೀಪ್ ದಪ್ಪ, ಒರಟು. ನನಗೆ ಅದೇ ಇಷ್ಟ. ಎರಡನ್ನೂ ಕೇಳಿ ನೋಡಿ ನೀವೇ ಆರಿಸಿ.

ಕೋರಸ್ ಓವರ್‌ಡ್ರೈವ್ ಆದಮೇಲೆ ಇದ್ದರೆ ಅಗಲವಾಗಿ ಹರಡುತ್ತದೆ. ಫೇಸರ್ (ಸದ್ದನ್ನು ಅಲೆಯಂತೆ ಸುತ್ತಿಸುವ ಪೆಡಲ್) ತೆಗೆದುಕೊಳ್ಳುವ ಯೋಚನೆ ಇದ್ದರೆ ಅದನ್ನು ಡಿಸ್ಟಾರ್ಶನ್‌ಗಿಂತ ಮೊದಲೂ ಇಟ್ಟು ನೋಡಿ. ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಫೇಸ್ 90 ಅನ್ನುವ ಫೇಸರನ್ನು ಆಂಪ್‌ಗಿಂತ ಮೊದಲು ಇಟ್ಟಿದ್ದರು, ಅವರ ಡಿಸ್ಟಾರ್ಶನ್ ಆಂಪ್‌ನದೇ. ಡಿಲೇ, ರಿವರ್ಬ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಪ್ರತಿಧ್ವನಿ ಮೊದಲು, ಅದು ತುಂಬಿಕೊಳ್ಳುವ ಕೋಣೆ ಕೊನೆಗೆ.

ಅಂದಹಾಗೆ, ನೀವು ಆಂಪ್‌ನ ಗೇನ್ ಚಾನೆಲ್ ಬಳಸುತ್ತೀರಾ? ಹಾಗಿದ್ದರೆ ಪೆಡಲ್ ಸಾಲು ಸರಿ ಇದ್ದರೂ ಡಿಲೇ ಹೋಗಿ ಬೀಳುವುದು ಆಂಪ್‌ನ ಡಿಸ್ಟಾರ್ಶನ್‌ಗೇ, ಮತ್ತೆ ಅದೇ ಗದ್ದಲ. ಆಂಪ್‌ನ ಹಿಂದೆ ಸೆಂಡ್, ರಿಟರ್ನ್ ಅಂತ ಎರಡು ಜ್ಯಾಕ್ ಇವೆಯಾ ನೋಡಿ. ಆ ಲೂಪ್ ಪ್ರೀಆಂಪ್ (ಆಂಪ್‌ನೊಳಗೆ ಗೇನ್ ಹುಟ್ಟುವ ಮೊದಲ ಹಂತ) ಆದಮೇಲೆ ಬರುತ್ತದೆ. ಡಿಲೇ ಮತ್ತು ರಿವರ್ಬ್ ಅಲ್ಲಿಗೆ ಹಾಕಿ. ಲೂಪ್ ಇಲ್ಲದಿದ್ದರೆ ಆಂಪ್ ಕ್ಲೀನ್‌ನಲ್ಲಿಟ್ಟು, ಡ್ರೈವ್ ಪೂರ್ತಿ ಪೆಡಲ್‌ನಿಂದಲೇ ತೆಗೆಯಿರಿ.

ಕರೆಂಟಿನ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯ ಪೆಡಲ್‌ಗಳಿಗೆ 9 ವೋಲ್ಟ್, ಪ್ಲಗ್ಗಿನ ನಡುವೆ ನೆಗೆಟಿವ್. ಮನೆಯಲ್ಲಿ ಬಿದ್ದಿರುವ ಬೇರೆ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ನಡುವೆ ಪಾಸಿಟಿವ್ ಇರುತ್ತದೆ, ಸುಮ್ನೆ ಚುಚ್ಚಬೇಡಿ. ನಿಮ್ಮ ಫಜ್ ಹಳೆ ಮಾದರಿಯ ಪಿಎನ್‌ಪಿ ಜರ್ಮೇನಿಯಂ ಟ್ರಾನ್ಸಿಸ್ಟರಿನದಾಗಿದ್ದು ಪಾಸಿಟಿವ್ ಗ್ರೌಂಡ್ ಇದ್ದರೆ, ಅದನ್ನು ಉಳಿದವುಗಳ ಜೊತೆ ಒಂದೇ ಡೇಸಿ ಚೈನ್‌ಗೆ (ಒಂದೇ ಅಡಾಪ್ಟರಿನಿಂದ ಹಲವು ಪೆಡಲ್‌ಗೆ ಕರೆಂಟ್ ಕೊಡುವ ವೈರ್) ಹಾಕಲೇಬೇಡಿ, ಶಾರ್ಟ್ ಆಗುತ್ತದೆ. ಅದಕ್ಕೆ ಬ್ಯಾಟರಿ ಸಾಕು.

ಇವತ್ತು ಬೇರೆ ಏನೂ ಮುಟ್ಟಬೇಡಿ. ಡಿಲೇ ಒಂದನ್ನು ಓವರ್‌ಡ್ರೈವ್‌ನ ಆಚೆಗೆ ಸರಿಸಿ, ಮೊದಲು ಮತ್ತು ಆಮೇಲೆ ಒಂದೇ ರಿಫ್ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ವೆಲ್ಕ್ರೋ ಅಂಟಿಸುವುದು ಒಂದು ವಾರ ತಡೆಯಲಿ. ಫಜ್ ಯಾವುದು, ಆಂಪ್‌ನಲ್ಲಿ ಲೂಪ್ ಇದೆಯಾ ಅಂತ ತಿಳಿಸಿದರೆ ಉಳಿದದ್ದನ್ನೂ ನೋಡೋಣ.