ಎಕ್ಸ್‌ರೇ ಕ್ಲಿಯರ್ ಇದ್ದರೆ ಅಡಾಲಿಮುಮ್ಯಾಬ್ ಶುರು ಮಾಡಬಹುದಾ?

ಬೆನ್ನುಮೂಳೆಯ ವಾತಕ್ಕೆ ಅಡಾಲಿಮುಮ್ಯಾಬ್ ಅನ್ನೋ ರೋಗನಿರೋಧಕ ಶಕ್ತಿ ತಗ್ಗಿಸೋ ಇಂಜೆಕ್ಷನ್ ಬರೆದಿದ್ದಾರೆ, ಎಕ್ಸ್‌ರೇ ಕ್ಲಿಯರ್, ಮತ್ತೆ ಟಿಬಿ ಟೆಸ್ಟಿಗೆ ಯಾಕೆ ದುಡ್ಡು ಸುರೀಬೇಕು ಅಂತೀರಿ. ನಮ್ಮ ಭಾವನದ್ದೂ ಇದೇ ವಾದ. ಒಳಗೆ ಮಲಗಿರೋ ಸೋಂಕು ಎಕ್ಸ್‌ರೇಯಲ್ಲಿ ಕಾಣಲೇಬೇಕು ಅಂತಿಲ್ಲ.

ಅವರು ಹೊಸನಗರದ ಕಡೆಯವರು. ಶಿವಮೊಗ್ಗದಲ್ಲಿ ಕೈಗೆ ಮಾಂಟೂ (ಟಿಬಿ ಸೋಂಕು ನೋಡೋ ಚರ್ಮದ ಪರೀಕ್ಷೆ) ಚುಚ್ಚಿಸಿಕೊಂಡು ಊರಿಗೆ ಹೋದರು. 48ರಿಂದ 72 ಗಂಟೆಯೊಳಗೆ ವಾಪಸ್ ಬಂದು ತೋರಿಸಬೇಕಿತ್ತು. ಅಡಿಕೆ ಕೊಯ್ಲಿನ ಗಡಿಬಿಡಿ; ಮನೆಯಲ್ಲೇ ನೋಡಿಕೊಂಡು "ಕೆಂಪಗಾಗಿಲ್ಲ" ಅಂತ ಫೋನ್ ಮಾಡಿದರು. ಅದೇ ನೆಗೆಟಿವ್ ಅಂತಾಯ್ತು. ಎಡವಿದ್ದು ಇಲ್ಲೇ. ಮಾಂಟೂದಲ್ಲಿ ಕೆಂಪು ಲೆಕ್ಕಕ್ಕಿಲ್ಲ. ಬೆರಳಲ್ಲಿ ಸವರಿದಾಗ ಸಿಗುವ ಗಟ್ಟಿ ಊತದ ಎರಡೂ ಅಂಚಿಗೆ ಪೆನ್ನಿನ ಗುರುತು ಹಾಕಿ, ಕೈಗೆ ಅಡ್ಡಲಾಗಿ ಸ್ಕೇಲ್ ಇಟ್ಟು ಅಳೀತಾರೆ. ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿಯವರಿಗೆ 5 ಮಿ.ಮೀ. ಇದ್ದರೂ ಪಾಸಿಟಿವ್. ಸಾಲದ್ದಕ್ಕೆ ಅವರು ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ನುಂಗ್ತಿದ್ದರು. ದಿನಕ್ಕೆ 15 ಮಿ.ಗ್ರಾಂ.ನಂತೆ ತಿಂಗಳು ತಗೊಂಡವರಿಗೆ ಸೋಂಕಿದ್ದರೂ ಊತ ಏಳದೇ ಹೋಗಬಹುದು.

ಇಂಜೆಕ್ಷನ್ ಶುರುವಾಯ್ತು. ಆಮೇಲೆ ಸಂಜೆ ಜ್ವರ, ಹೊಟ್ಟೆಯಲ್ಲಿ ನೀರು. ಕೆಮ್ಮೇ ಇರಲಿಲ್ಲ, ಟಿಬಿ ಅಂತ ಯಾರಿಗೆ ಹೊಳೀಬೇಕು? ಟಿಎನ್‌ಎಫ್ ಅನ್ನೋ ಪ್ರೋಟೀನು ಹಳೇ ಕ್ರಿಮಿಗಳ ಸುತ್ತಲಿನ ಬೇಲಿಯನ್ನ ಗಟ್ಟಿಯಾಗಿಡುತ್ತೆ. ಈ ಇಂಜೆಕ್ಷನ್ ತಡೆಯೋದು ಅದನ್ನೇ. 2001ರಲ್ಲಿ ಇದೇ ಜಾತಿಯ ಇನ್‌ಫ್ಲಿಕ್ಸಿಮ್ಯಾಬ್ ತಗೊಂಡು ಟಿಬಿ ಬಂದ 70 ಜನರ ವರದಿ ಬಂತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಶ್ವಾಸಕೋಶದ ಆಚೆಗೂ ಇತ್ತು.

ನನ್ನ ಕೇಳಿದರೆ ಮಾಂಟೂ ಜೊತೆಗೆ ಇಗ್ರಾ ರಕ್ತಪರೀಕ್ಷೆಯನ್ನೂ ಮಾಡಿಸಿ, ಸ್ಟೀರಾಯ್ಡ್ ಶುರುವಾಗೋ ಮುಂಚೆಯಾದರೆ ಇನ್ನೂ ಒಳ್ಳೇದು. ಇಗ್ರಾಕ್ಕೆ ಎರಡನೇ ಸಲ ಹೋಗೋ ತಾಪತ್ರಯ ಇಲ್ಲ, ಬಿಸಿಜಿ ಲಸಿಕೆಯಿಂದ ಗೊಂದಲವೂ ಇಲ್ಲ. ರಿಪೋರ್ಟಲ್ಲಿ 'ಇಂಡಿಟರ್ಮಿನೇಟ್' (ಹೇಳಲಾಗದು) ಅಂತ ಬಂದರೆ ಅದು ನೆಗೆಟಿವ್ ಅಲ್ಲ, ಮತ್ತೆ ಮಾಡಿಸಬೇಕು.

ಪಾಸಿಟಿವ್ ಬಂದರೆ ಮೊದಲು, ಮಲಗಿರೋ ಸೋಂಕು ಎದ್ದು ಟಿಬಿ ಕಾಯಿಲೆ ಆಗಿಲ್ಲ ಅಂತ ಖಾತ್ರಿಯಾಗಬೇಕು. ಕಾಯಿಲೆ ಇದ್ದವರಿಗೆ ಐಸೋನಿಯಾಜಿಡ್ ಅನ್ನೋ ಟಿಬಿ ಮಾತ್ರೆ ಒಂದನ್ನೇ ಕೊಟ್ಟರೆ ಕ್ರಿಮಿ ಆ ಔಷಧಿಗೆ ಬಗ್ಗದಂತಾಗಬಹುದು. ಖಾತ್ರಿಯಾದ ಮೇಲೆ ಐಸೋನಿಯಾಜಿಡ್ ದಿನಾ 6 ತಿಂಗಳು, ಇಲ್ಲವೇ ರಿಫಾಪೆಂಟಿನ್ ಸೇರಿಸಿ ವಾರಕ್ಕೊಮ್ಮೆಯಂತೆ 12 ಡೋಸ್. ಸಾಮಾನ್ಯವಾಗಿ ಒಂದು ತಿಂಗಳಾದರೂ ನುಂಗಿದ ಮೇಲೇ ಇಂಜೆಕ್ಷನ್. ಲಿವರ್ ಟೆಸ್ಟ್ ಮಾಡಿಸ್ತಾ ಇರಿ, ಕುಡಿಯೋ ಅಭ್ಯಾಸ ಇದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಯ ಟಿಬಿ ವಿಭಾಗದಲ್ಲಿ ವಿಚಾರಿಸಿ, ಈ ಮಾತ್ರೆ ಉಚಿತ.

ಅಡಾಲಿಮುಮ್ಯಾಬೇ ಆಗಬೇಕಾ ಅಂತಲೂ ಕೇಳಿ. ಟಿಎನ್‌ಎಫ್ ತಡೆಯದ ಸೆಕುಕಿನುಮ್ಯಾಬ್ ಅನ್ನೋ ಇನ್ನೊಂದು ಇಂಜೆಕ್ಷನ್‌ನಲ್ಲಿ ಟಿಬಿ ಅಪಾಯ ಕಡಿಮೆ. ಆದರೆ ಟೆಸ್ಟ್ ಅದಕ್ಕೂ ಬೇಕು.